ಹಿನ್ನೆಲೆ ಬೆಳ್ಳಗಿರಬೇಕು

ಧೂಪದಾಳ ಒಡ್ಡಿನ ಮೇಲೆ ಇನ್ನೂ ಆರು ಹೊಡೆದಿಲ್ಲ.
ಬೈಕಿನ ಹ್ಯಾಂಡಲ್ ಹಿಡಿದು ಸೆಟೆದ ಬೆರಳು
ಕ್ಯಾಮೆರಾ ಹಿಡಿಯಲು ಒಲ್ಲೆ ಅನ್ನುತ್ತವೆ.
ಘಟಪ್ರಭೆ ಎಲ್ಲೋ ಕೆಳಗಿದ್ದಾಳೆ,
ಕಾಣುವುದು ಮಂಜು. ಅದರೊಳಗಿಂದ
ಕರ್ರ್, ಕರ್ರ್, ಕರ್ಕರೆ ಕೊಕ್ಕರೆಗಳ ಮಾತು,
ಸಂತೆಗೆ ಹೊರಟ ಗಾಡಿಗಳ ಎಣ್ಣೆ ಕಾಣದ ಕೀಲಿನ ಹಾಗೆ.

ವಾರದಲ್ಲಿ ಆರು ದಿನ ನಾನಾಡುವ ಮಾತು ಮೂರೇ:
ಗದ್ದ ಕೆಳಗ. ಕಿವಿ ಕಾಣಲಿ. ಅಲುಗಾಡಬ್ಯಾಡ್ರಿ.
ಏಳನೆಯ ದಿನ ಇಲ್ಲಿ, ಜಾಲಿಯ ಮರೆಗೆ
ಕುಕ್ಕರುಗಾಲಲ್ಲಿ ಕೂತು
ನಾನೇ ಅಲುಗಾಡದಿರುವುದನ್ನು ಕಲಿಯುತ್ತೇನೆ.

ಮೊದಲು ನೀರುಕಾಗೆ, ಮುಳುಗಿದ ಕೊರಡಿನ ಮೇಲೆ
ರೆಕ್ಕೆ ಒಣಹಾಕಿ ನಿಂತಿದೆ. ಬೆಳಕು ಸಾಲದು, ಬಿಟ್ಟೆ.
ಚಮಚಕೊಕ್ಕು ಎರಡು, ಕೆಸರನ್ನು ಅತ್ತಿತ್ತ ತಡಕುತ್ತ,
ಮನೆಯ ಕೀಲಿಕೈ ಕಳಕೊಂಡವರ ಅವಸರ.
ಒಂದು ತೆಗೆದೆ. ಮಸುಕು.
ಆಮೇಲೆ ಮಂಜು ಮೊಳದಷ್ಟು ಎದ್ದಿತು:
ಬೂದು ಮೈ, ಕಪ್ಪು ಕೊರಳು, ಕಣ್ಣ ಹಿಂದೆ ಬಿಳಿ ಜುಟ್ಟು,
ನೂರು? ನೂರಿಪ್ಪತ್ತು?
ಉಸಿರು ಕಟ್ಟಿದೆ, ಬೆರಳು ಗುಂಡಿಯ ಮೇಲೆ,

"ಯಾರಂವ ಅಲ್ಲೆ? ಫೋಟೋದಾಂವಾ?"

ಎದ್ದವು. ಅಷ್ಟೂ ಒಟ್ಟಿಗೆ.
ಆಕಾಶ ಒಂದು ಗಳಿಗೆ ಬರೀ ಸಪ್ಪಳ.

ಹರಿಗೋಲಿನಲ್ಲಿ ಲಗಮವ್ವ, ತೊಯ್ದ ಬಲೆಯ ಪಕ್ಕ,
ತಲೆಗೆ ಗಂಡನ ಮಫ್ಲರು.
"ಹಾರಲಿ ಬಿಡೋ ತಮ್ಮಾ, ಕಡ್ಲಿ ಹೊಲಕ್ಕ ಇಳೀತಾವ.
ಸೊಸೈಟಿ ಕಾರ್ಡಿಗೆ ನಂದೊಂದು ಫೋಟೋ ಬೇಕಾಗೇತಿ.
ನೀ ಅಂಗಡಿ ತೆರಿಯೂದ್ರಾಗ ನನ್ನ ಮೀನ ಕೆಡತಾವ."

ಸಿಟ್ಟು ಬಂತು. ಆಮೇಲೆ ನೋಡಿದೆ:
ಅವಳ ಹಿಂದೆ ಒಂದು ಸುಕ್ಕೂ ಇಲ್ಲದ ಬಿಳುಪು,
ಇಪ್ಪತ್ತು ವರ್ಷ ಒಗೆದರೂ ನನ್ನ ಪರದೆಗೆ ಬಾರದ್ದು.
ಹಕ್ಕಿಗೆಂದು ಸಾಲ ಮಾಡಿ ತಂದ ಉದ್ದ ಲೆನ್ಸು,
ಹತ್ತಿರದ ಮುಖ ಅದಕ್ಕೆ ಹಿಡಿಸುವುದಿಲ್ಲ.
ಹಿಂದೆ ಸರಿದೆ, ಹತ್ತು ಹೆಜ್ಜೆ, ಇಪ್ಪತ್ತು,
ಹಿಮ್ಮಡಿಗೆ ಜಾಲಿಮುಳ್ಳು ಚುಚ್ಚುವ ತನಕ.
ಅವಳು ಮಫ್ಲರು ಬಿಚ್ಚಿ, ಹೊಳೆಗೆ ಅಂಗೈ ಅದ್ದಿ
ಕೂದಲು ಸವರಿದಳು. ಬೋಳು ಕಿವಿ ಎರಡೂ ಚಳಿಗೆ ಬಿಟ್ಟಳು.
ಹೇಳುವ ಮೊದಲೇ ಗದ್ದ ಇಳಿಸಿದಳು.
ಅಲುಗಾಡಬ್ಯಾಡ ಅಂತ ಹರಿಗೋಲಿಗೆ ಹೇಳುವುದು ಹೇಗೆ?
ಅದು ಮೆಲ್ಲಗೆ ತಿರುಗುತ್ತಲೇ ಇತ್ತು,
ಅವಳು ಮುಖವನ್ನಷ್ಟೇ ನನ್ನ ಕಡೆ ಉಳಿಸಿಕೊಂಡಳು.

ಮಧ್ಯಾಹ್ನ, ಹಾಳೆಗೆ ಎಂಟರಂತೆ ಅಚ್ಚು.
ಎಂಟರಲ್ಲೂ ಎಡಗಿವಿಯ ಕೆಳಗೆ ಸಾಸಿವೆಯಷ್ಟು ಕಪ್ಪು:
ಎಲ್ಲಕ್ಕಿಂತ ತಡವಾಗಿ ಎದ್ದದ್ದು ಯಾವುದೋ ಒಂದು.
ನಿಯಮದಂತೆ ಒರೆಸಬೇಕು.
ಅಷ್ಟರಲ್ಲಿ ಬಂದಳು, ಬುಟ್ಟಿ ಬಾಗಿಲಲ್ಲೇ ಇಳಿಸಿ,
ಬೆಳಕಿಗೆ ಹಿಡಿದು ನೋಡಿದಳು ಬಹಳ ಹೊತ್ತು.
"ಇದೇನೋ ಕಿವ್ಯಾಗ?" ಅಂದಳು.
"ಇರ್ಲಿ ಬಿಡು. ವಾಲಿ ಇಟ್ಟಂಗ ಕಾಣತೈತಿ."