ಟಿಕೇಟಿಲ್ಲದ ಕಾಲು

ಹಂಪನಕಟ್ಟೆಯಲ್ಲಿ ಚಪ್ಪಲಿ ಹೊಲಿಯುವವ ಶೂ ಮಗುಚಿ ನೋಡಿ
ಕುದುರೆಗಾ, ಅಂತ ಕೇಳಿದ.
ನನಗೇ, ಅಂದೆ.
ತುದಿಗೊಂದು ಹಿಮ್ಮಡಿಗೊಂದು ತಗಡು,
ಒಂದೊಂದಕ್ಕೂ ಮೂರು ಸ್ಕ್ರೂ.
ಒಂದನ್ನು ಚೂರು ಸಡಿಲ ಬಿಡಬೇಕಂತೆ,
ಪೂರ್ತಿ ಬಿಗಿದರೆ ಲೋಹ ಬಾಯಿ ಬಿಡುವುದಿಲ್ಲ.
ನಮ್ಮ ಬಸ್ಸಿನ ಮಾಲಕರಿಗೆ ಹೇಳಬೇಕು ಇದನ್ನು.

ಜೆಪ್ಪುವಿನಲ್ಲಿ, ಮುಚ್ಚಿದ ಹಂಚಿನ ಕಾರ್ಖಾನೆಯ ಹಿಂದೆ
ಸೆವ್ರಿನ್ ಮಾಸ್ತರರ ಚಾವಡಿ.
ಇಪ್ಪತ್ತೆರಡು ವರ್ಷ ಹಡಗಿನಲ್ಲಿ ಈರುಳ್ಳಿ ಹೆಚ್ಚಿದವರು.
ಅಡುಗೆಕೋಣೆಯ ಅರ್ಧ ಬಾಗಿಲ ಕೆಳಗಿನಿಂದ
ಕುಣಿಯುವವರ ಮುಖ ಕಾಣುತ್ತಿರಲಿಲ್ಲವಂತೆ,
ಬರೇ ಕಾಲು.
ಅಷ್ಟು ಸಾಕಾಯಿತು.
ಈಗ ಭಾನುವಾರ, ಪೂಜೆ ಮುಗಿದ ಮೇಲೆ,
ಹಲಸಿನ ಹಲಗೆಯ ಮೇಲೆ
ಎಂಟು ಮಕ್ಕಳು, ಒಬ್ಬ ಕಂಡಕ್ಟರ್.

ಶಫಲ್: ಬೆರಳ ತುದಿ ಮುಂದೆ ಸವರು, ಹಿಂದೆ ಸವರು.
ಮಕ್ಕಳದು ಬಾಣಲೆಯಲ್ಲಿ ಸಾಸಿವೆ.
ನನ್ನದು ಮೆಟ್ಟಿಲುರುಳಿದ ಕೊಡಪಾನ.
ಚೆಂಡೆಯ ಪಕ್ಕದಲ್ಲೇ ನಿದ್ದೆ ಹೋಗಿ ಬೆಳೆದವ ನಾನು,
ತಾಳ ಕಿವಿಯಲ್ಲಿದೆ, ಸೊಂಟದವರೆಗೂ ಇಳಿಯುತ್ತದೆ,
ಮೊಣಕಾಲಿಗೆ ಬರುವಾಗ
ಪಂಪ್‌ವೆಲ್ಲಿನ ಸಂಜೆ ಆರು ಗಂಟೆ:
ಮುಂದೆ ಹೋಗುವುದಿಲ್ಲ.

ಐತಪ್ಪಾ, ಅಂದರು ಮಾಸ್ತರು,
ನೀನು ಎರಡೂ ಕಾಲಲ್ಲಿ ನಿಂತಿದ್ದೀ.
ತೂಕ ಒಂದಕ್ಕೆ ಕೊಡು.
ಇನ್ನೊಂದಕ್ಕೆ ಟಿಕೇಟು ಹರಿಯಬೇಡ.

ಹತ್ತೊಂಬತ್ತು ವರ್ಷ
ಫುಟ್‌ಬೋರ್ಡಿನ ಅಂಚಿನಲ್ಲಿ ನಿಂತದ್ದು ಎಡಗಾಲು.
ಬಲಗಾಲು ಗಾಳಿಯಲ್ಲೇ ಕಂಕನಾಡಿ, ವೆಲೆನ್ಸಿಯಾ ದಾಟಿದ್ದು
ಯಾವ ಟ್ರಿಪ್‌ಶೀಟಿನಲ್ಲೂ ಇಲ್ಲ.
ಆ ಕಾಲನ್ನು ಕರೆದೆ.
ಬಂತು.

ಹೊಡೆಯುವುದು ಸುಲಭ, ಆಮೇಲೆ ತಿಳಿಯಿತು.
ಹೊಡೆದ ಕೂಡಲೇ ಎದ್ದು ಬರಬೇಕು,
ಸಾಲ ಕೇಳಲು ಹೋದವನಂತೆ ಕೂತುಬಿಡಬಾರದು.
ಈ ಒಂದಕ್ಕೇ ಮಳೆಗಾಲ ಪೂರ್ತಿ ಹೋಯಿತು.

ಸೋಮವಾರ. ಮೊದಲ ಟ್ರಿಪ್ಪು, ಐದೂ ಐವತ್ತು.
ಶೂ ಬಿಡಲು ಮನಸ್ಸಾಗದೆ ಹಾಕಿಕೊಂಡೇ ಬಂದಿದ್ದೆ.
ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸು ಖಾಲಿ,
ಕಾಲಡಿ ಅಲ್ಯುಮಿನಿಯಂ,
ಚೀಲದಲ್ಲಿ ಚಿಲ್ಲರೆ ತಾನಾಗಿ ಲೆಕ್ಕ ಇಡುತ್ತಿತ್ತು.
ಶಫಲ್, ಹೆಜ್ಜೆ, ಶಫಲ್, ಹೆಜ್ಜೆ,
ಕೊನೆಗೆ ಹಿಮ್ಮಡಿ
ಟಕ್ ಟಕ್

ವಸಂತಣ್ಣ ಗೇರ್ ಹಾಕಿ ಬಿಟ್ಟೇಬಿಟ್ಟ.

ಎರಡು ಬಡಿದರೆ ಹೊರಡಬೇಕು, ಅವನ ತಪ್ಪಲ್ಲ.
ಬಾಗಿಲಲ್ಲಿ, ಧಕ್ಕೆಯಿಂದ ಬಂದ ಗುಲಾಬಿಯಕ್ಕ:
ಒಂದು ಕಾಲು ಮೆಟ್ಟಿಲಲ್ಲಿ, ಒಂದು ರಸ್ತೆಯಲ್ಲಿ,
ತಲೆ ಮೇಲೆ ಬೂತಾಯಿ,
ನಾಲಗೆ ತುದಿಯಲ್ಲಿ ನನ್ನ ತಂದೆಯ ಹೆಸರು.

ಕೈ ತಗಡಿಗೆ ತಲುಪುವ ಮೊದಲೇ
ಕಾಲು ಹೊಡೆಯಿತು
ಟಕ್
ಒಂದೇ.
ಹೊಡೆದು, ಎದ್ದು, ಗಾಳಿಯಲ್ಲಿ ಕಾದಿತು.

ಬಸ್ಸು ನಿಂತಿತು.

ಬುಟ್ಟಿ ಇಳಿಸಿ, ಉಸಿರು ಇಳಿಸಿ,
ಬೈಗುಳ ಅರ್ಧಕ್ಕೆ ಬಿಟ್ಟು
ಗುಲಾಬಿಯಕ್ಕ ನನ್ನ ಶೂ ನೋಡಿದಳು.
'ಕುಡ ಒರ ಮಲ್ಪು, ತೂಕ.'

ತುಳುವಿನಲ್ಲಿ ತೂಕ ಅಂದರೆ ನೋಡೋಣ.
ನೋಡಲಿ.
ತೂಕ ಎಡಗಾಲಿಗೆ ಕೊಟ್ಟೆ.
ವಸಂತಣ್ಣಾ, ಇನ್ನು ಕೇಳುವುದು ಯಾವುದೂ ರೈಟ್ ಅಲ್ಲ,
ಸ್ವಲ್ಪ ನಿಲ್ಲು.