ಶೇಕಡಾ ಮೂವತ್ತನಾಲ್ಕು

ಶಿಡ್ಲಘಟ್ಟದ ನಾಡಕಚೇರಿಯಲ್ಲಿ ಹನ್ನೊಂದು ಗಂಟೆಗೆ
ಪರದೆ ನೀಲಿಯಾಯಿತು. ನಾನು ಏನೂ ಒತ್ತಿರಲಿಲ್ಲ.
ಶೇಕಡಾ ಮೂವತ್ತನಾಲ್ಕು, ಆಫ್ ಮಾಡಬೇಡಿ ಎನ್ನುತ್ತದೆ.
ಮಾಡಲು ಇದೇನು ನಮ್ಮಪ್ಪನ ಮನೆಯದೇ?

ಕ್ಯೂ ಕಿಟಕಿಯವರೆಗೂ ಬಂದು ಬಗ್ಗಿ ನೋಡಿತು.
"ಹಳೇದೇ ಚೆನ್ನಾಗಿತ್ತು" ಅಂದರು ಪಿಳ್ಳವೆಂಕಟಪ್ಪ.
ಯಾವ ಹಳೇದು ಅಂತ ನಾನು ಕೇಳಲಿಲ್ಲ.
ಅವರ ಕಾಲಕ್ಕೆ ಶಾನುಭೋಗರ ಪುಸ್ತಕಕ್ಕೂ
ವರ್ಷಕ್ಕೊಮ್ಮೆ ಗೆದ್ದಲು ಬಂದು
ಅಪ್‌ಡೇಟ್ ಮಾಡಿ ಹೋಗುತ್ತಿತ್ತಂತೆ.

"ಪುಕ್ಕಟೆ ಸಿಗೋದು ಹಾಕಬೇಕು ಮೇಡಂ, ಸರ್ಕಾರಕ್ಕೆ ದುಡ್ಡು ಉಳಿಯುತ್ತೆ"
ಎಂದ, ಬ್ಯಾಗಿಗೆ ಪೆಂಗ್ವಿನ್ ಅಂಟಿಸಿಕೊಂಡ ಡಿಪ್ಲೊಮಾ ಹುಡುಗ.
"ಉಳಿದದ್ದು ಯಾರ ಜೇಬಿಗಪ್ಪ?"
ಹಿಂದಿನಿಂದ ಯಾರೋ.

ನೂರುನ್ನಿಸಮ್ಮ ಮಾತಾಡಲಿಲ್ಲ.
ಬಿಸಿನೀರಿನ ಬೋಗುಣಿಯಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ
ಮೂವತ್ತು ವರ್ಷಕ್ಕೆ ಹೆಬ್ಬೆರಳು ನುಣ್ಣಗಾಗಿದೆ;
ಮೆಷಿನ್ನು ಮೂರು ಸಲ
ನೀನು ನೀನಲ್ಲ ಎಂದಿದೆ.
ಎಳೆ ಮಾತ್ರ ಇವತ್ತು ಬೆಳಿಗ್ಗೆಯೂ ಗುರುತು ಹಿಡಿದಿತ್ತು.

ಮೂವತ್ತೈದು.
ಎಲ್ಲರೂ ನನ್ನನ್ನೇ ನೋಡಿದರು, ನಾನೇ ತಳ್ಳಿದ ಹಾಗೆ.

ಆಕೆ ಚೀಲದಿಂದ ಒಂದು ಹಿಡಿ ಕಡಲೆಕಾಯಿ ತೆಗೆದು
ಕೌಂಟರಿನ ಮೇಲಿಟ್ಟರು:
"ತಿನ್ನಮ್ಮ,
ಅದಕ್ಕೂ ಕೈ ಸವೆದಿರಬೇಕು."