ಎಣಿಕೆ

ಗೋಣಿಕೊಪ್ಪದ ಮೀನು ಮಾರ್ಕೆಟ್ಟಿನಲ್ಲಿ
ಮತ್ತಿಯ ತಲೆ ಮೊದಲೆಲ್ಲ ಬಿಟ್ಟಿ.
ಬೆಕ್ಕು ಹನ್ನೊಂದಾದ ಮೇಲೆ
ಹಂಸ ಅದನ್ನೂ ತೂಕಕ್ಕಿಟ್ಟ.

"ನೀನು ಹಾಕೋದಕ್ಕೇ ಬರ್ತಾವೆ,"
ಫಾಲ್ ಹೊಲಿಯಲು ಕೊಟ್ಟ ರೇಷ್ಮೆಯ ಮೇಲೆ
ಹೆಜ್ಜೆಗುರುತು ತೋರಿಸಿ ಮುತ್ತವ್ವ ಜಗಳಾಡಿದಳು.
ಸುಳ್ಳಲ್ಲ. ನಾನು ಹಾಕುವುದಕ್ಕೇ ಬರುತ್ತವೆ.

ಬೂದಿಯವಳು ಕೈಗೆ ಸಿಗಲು ಮೂರು ವಾರ.
ಕಾಫಿ ಚೀಲಕ್ಕೆ ಉಸಿರಿನ ತೂತು,
ಬಾಯಿಗೆ ನಾಲ್ಕು ಹೊಲಿಗೆ,
ಮಡಿಕೇರಿ ಬಸ್ಸಿನಲ್ಲಿ ತೊಡೆಯ ಮೇಲೆ.
ಕಂಡಕ್ಟರು ನಕ್ಕು ಅರ್ಧ ಟಿಕೆಟು ಕೊಟ್ಟ.

ಹೊಟ್ಟೆ ಹೊಲಿದು ಕೈ ತೊಳೆಯುತ್ತ ಡಾಕ್ಟರು ಕೇಳಿದರು:
"ಹಾಲಿದೆಯಲ್ಲಮ್ಮ ಇದಕ್ಕೆ. ಮರಿಗಳೆಲ್ಲಿ?"

ಮೂರ್ನಾಡು ದಾಟುವಷ್ಟರಲ್ಲಿ ಕತ್ತಲು.
ಚೀಲ ಬೆಚ್ಚಗಿತ್ತು, ನನ್ನ ಕೈ ತಣ್ಣಗೆ.
ಇಷ್ಟು ದಿನ ತಟ್ಟೆ ಇಟ್ಟವಳು
ತಿಂದು ಎತ್ತ ಹೋಗುತ್ತಾಳೆಂದು ಒಮ್ಮೆಯೂ ನೋಡಲಿಲ್ಲ.

ರಾತ್ರಿ ಒಂಬತ್ತಕ್ಕೆ, ಮುಚ್ಚಿದ ಮಾರ್ಕೆಟ್ಟಿನಲ್ಲಿ
ಥರ್ಮೋಕೋಲ್ ಪೆಟ್ಟಿಗೆ ಒಂದೊಂದೇ ಸರಿಸುತ್ತ
ಮಿಯಾಂವ್ ಅನ್ನುತ್ತೇನೆ, ಐವತ್ತೆರಡರ ಹೆಂಗಸು.
ಮುತ್ತವ್ವ ಟಾರ್ಚು ಹಿಡಿದಿದ್ದಾಳೆ,
ಬೈಯುವುದನ್ನು ನಿಲ್ಲಿಸಿಲ್ಲ.

ಮಂಜುಗಡ್ಡೆ ಯಂತ್ರದ ಹಿಂದೆ ಎರಡು.
ಚರಂಡಿಯ ಚಪ್ಪಡಿ ಕೆಳಗೆ ಇನ್ನೊಂದು.

"ಮುಗೀತಾ?" ಅಂತಾಳೆ.
ಎಣಿಕೆ ಗೊತ್ತಿರುವವಳು
ಚೀಲದೊಳಗೆ ಇನ್ನೂ ಕಣ್ಣು ಬಿಟ್ಟಿಲ್ಲ.